ತಾರೆಯ ಮಗನೂ ನಮ್ಮ ಅತ್ತೆಯ ಬಾಯಿಯೂ

ನಮ್ಮ ಅತ್ತೆಯ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದರೆ ಅದು ಎಳ್ಳಿಗೆ ಮಾಡುವ ಅವಮಾನ. ನೆನೆಯಬೇಕಾದರೆ ಪಾಪ, ಅದು ಬಾಯೊಳಗೆ ಒಂದು ಗಳಿಗೆಯಾದರೂ ನಿಲ್ಲಬೇಕಲ್ಲ!

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಉಡುಪಿ ಕಡೆಯವರು. ಮಾವನ ಕೆಲಸದ ಬೆನ್ನಿಗೆ ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದು ಇಪ್ಪತ್ತು ವರ್ಷ ದಾಟಿತು. ಬಂದಾಗಿನಿಂದ ಡಾಗಿಸಿನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರು. ಅಲ್ಲಿನ ಗಂಡುಮಕ್ಕಳನ್ನೆಲ್ಲ ‘ಗುಬ್ಬಿ’ ಅಂತಲೇ ಕರೆಯುತ್ತಾರೆ. ಸ್ವೀಡಿಷಿನಲ್ಲಿ ಮುದ್ದಿಗೆ ‘ಗುಬ್ಬೆನ್’ ಅನ್ನುವುದುಂಟು. ಹಾಗಾಗಿ ಈ ಟೀಚರಿನ ಉಚ್ಚಾರಣೆ ತುಸು ಕೆಟ್ಟಿದೆ ಎಂದುಕೊಂಡು ಊರಿನವರು ಸುಮ್ಮನಿದ್ದಾರೆ.

ಕಳೆದ ವರ್ಷ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದೆ. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆಯೊಬ್ಬರಿಗೇ ಫೋನ್ ಮಾಡಿ, “ಪ್ಲೀಸ್, ಯಾರಿಗೂ ಹೇಳ್ಬೇಡಿ” ಅಂದೆ.

“ಛೇ, ನಾನು ಯಾರಿಗೆ ಹೇಳ್ತೇನೆ ಮಾರಾಯ್ತಿ!”

ಬಸ್ಸು ನನ್ನ ಮನೆ ಮುಟ್ಟುವಷ್ಟರಲ್ಲಿ ಐದು ಕನ್ನಡ ಮನೆಗಳಿಂದ ಸಾಂತ್ವನ ಬಂದಿತ್ತು. ದೂರದ ಟ್ರೋಲ್‌ಹೆಟ್ಟನ್ ಊರಿನಿಂದ ಒಬ್ಬರು, “ಬೇಜಾರು ಮಾಡ್ಕೋಬೇಡಮ್ಮ, ನಾನೂ ಫಸ್ಟ್ ಟೈಮ್ ರೌಂಡಬೌಟಲ್ಲೇ ಹೋಗಿದ್ದು” ಅಂದರು. ಅವರ ಮುಖವನ್ನು ನಾನು ಇವತ್ತಿನವರೆಗೂ ಕಂಡಿಲ್ಲ!

ಇಂಥ ಬಾಯಿಗೆ ಬೀಗ ಹಾಕಿದವನು ಒಬ್ಬ ಬಾಸ್ಕೆಟ್‌ಬಾಲ್ ಹುಡುಗ.

ವಯಸ್ಸು ಹತ್ತೊಂಬತ್ತು, ಎತ್ತರ ಎರಡು ಮೀಟರ್. ಅವನ ಅಪ್ಪ ಹೊರದೇಶಗಳಲ್ಲಿ ಆಡಿ ಹೆಸರು ಮಾಡಿದ ಭಾರೀ ಆಟಗಾರ. ಹಾಲು ತರಲು ಅಂಗಡಿಗೆ ಹೋದರೂ ಜನ ಫೋಟೊ ಹಿಡಿಯುತ್ತಾರೆ. ಈ ಸಲ ಮಗನೂ ವೃತ್ತಿಪರ ತಂಡಕ್ಕೆ ಸೇರಿದ್ದೇ ತಡ, ಪತ್ರಿಕೆಗಳಿಗೆ ಹುಚ್ಚು ಹಿಡಿಯಿತು. ಒಂದು ದಿನ ‘ಅಪ್ಪನದೇ ಕೈ’. ಮರುದಿನ ‘ಅಪ್ಪನದೇ ಜಿಗಿತ’. ಮೂರನೆಯ ದಿನ ಹೇಳಿಕೊಳ್ಳಲು ಏನೂ ಸಿಗದೆ, ಬೆಳಗಿನ ಗಂಜಿಗೆ ಅವನು ಅಪ್ಪನಂತೆಯೇ ಜಾಮ್ ಹಾಕಿಕೊಳ್ಳುತ್ತಾನೆ ಎಂದು ಬರೆದರು. ಈ ದೇಶದಲ್ಲಿ ಗಂಜಿಗೆ ಜಾಮ್ ಹಾಕಿಕೊಳ್ಳದವರು ಎಷ್ಟು ಜನ ಇದ್ದಾರೆ, ಹೇಳಿ? ಮೊದಲ ಪಂದ್ಯದಲ್ಲಿ ಕೋಚ್ ಅವನನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಅವನು ಕೂತ ಭಂಗಿಯ ಮೇಲೆಯೇ ಅರ್ಧ ಪುಟ ಬಂತು!

ಅತ್ತೆ ಕೆಂಪು ಪೆನ್ನು ಹಿಡಿದು ಕೂತರು.

“ನೋಡು, ಮಗನ ಹೆಸರು ಮೂರು ಸಲ, ಅಪ್ಪಂದು ಹನ್ನೊಂದು ಸಲ. ಹಾಗಾದ್ರೆ ಆಡಿದ್ದು ಯಾರು?”

ಹನ್ನೊಂದಕ್ಕೂ ಸುತ್ತು ಹಾಕಿ, ಕೆಳಗೆ ಸ್ವೀಡಿಷಿನಲ್ಲಿ ‘ಇನ್ನೊಮ್ಮೆ ಬರೆದು ತನ್ನಿ’ ಎಂದು ಬರೆದು ಸಂಪಾದಕರಿಗೇ ಅಂಚೆ ಮಾಡಿದರು. ‘ನಿಮ್ಮ ಆಸಕ್ತಿಗೆ ಧನ್ಯವಾದ’ ಎಂದು ವಿನಯದ ಉತ್ತರ ಬಂತು. ಅದರಲ್ಲೂ ಒಂದು ಕಾಗುಣಿತದ ತಪ್ಪು ಹಿಡಿದು ವಾಪಸು ಕಳಿಸಿದರು.

“ಅತ್ತೆ, ನಿಮಗ್ಯಾಕೆ ಇಷ್ಟು ಉರಿ?” ಎಂದು ಕೇಳಿದೆ. ಉತ್ತರ ಒಂದು ಭಾನುವಾರ ಪತ್ರಿಕೆಯಲ್ಲೇ ಬಂತು. ‘ತೊಟ್ಟಿಲಲ್ಲೇ ಚೆಂಡು ಹಿಡಿದವನು’ ಎಂಬ ದಪ್ಪ ತಲೆಬರಹ. ಅದರಡಿ ಡಾಗಿಸಿನ ಹಳೆಯ ಫೋಟೊ. ಹಳದಿ ರೇನ್‌ಕೋಟಿನ ಒಂದು ಮಗು. ಅದರ ಹಿಂದೆ, ಅರ್ಧ ಕತ್ತರಿಸಿದ ಮುಖದಲ್ಲಿ, ನಮ್ಮ ಅತ್ತೆಯ ಮೂಗುಬೊಟ್ಟು!

“ತೊಟ್ಟಿಲಲ್ಲಂತೆ! ಚೆಂಡಂತೆ! ಅವನು...” ಎಂದು ಶುರುಮಾಡಿದ ಅತ್ತೆ ಗಕ್ಕನೆ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಾವ ಅಡುಗೆಮನೆಯಿಂದ ಓಡಿ ಬಂದರು, ಸೌಟಿನ ಸಮೇತ.

“ಅವನು? ಏನು ಅವನು?”

“ಎಂತದೂ ಇಲ್ಲ. ಡಾಗಿಸಿನ ಮಗುವಿನ ವಿಷಯ ಹೊರಗೆ ಹೇಳ್ಲಿಕ್ಕಿಲ್ಲ. ಟಿಸ್ಟ್‌ನಾಡ್ಸ್‌ಪ್ಲಿಕ್ಟ್.”

ಹಾಗೆಂದರೆ ಕೆಲಸದಲ್ಲಿ ತಿಳಿದದ್ದನ್ನು ಬಾಯಿ ಬಿಡಬಾರದೆಂಬ ಇಲ್ಲಿನ ಕಾನೂನು. ಆ ಪದವನ್ನು ಒಮ್ಮೆ ಉಚ್ಚರಿಸಿದರೆ ಸಾಕು, ದವಡೆ ಸೋತು ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಮಾವನಿಗೆ ಸಿಟ್ಟು ಬಂತು. “ನನ್ನ ಮೂಲವ್ಯಾಧಿ ಇಡೀ ಕನ್ನಡ ಸಂಘಕ್ಕೆ ಗೊತ್ತು. ಆ ಹುಡುಗನ ವಿಷಯ ನನಗೆ ಗೊತ್ತಾಗಬಾರದಾ?”

“ನಿಮ್ಮದು ಡಾಗಿಸಿನಲ್ಲಿ ಆದದ್ದಲ್ಲವಲ್ಲ!”

ಮುಂದಿನ ವಾರ ಮೂಗುಬೊಟ್ಟಿನ ಜಾಡು ಹಿಡಿದು ಒಬ್ಬ ಎಳೆಯ ವರದಿಗಾರ ಮನೆಗೇ ಬಂದ. ಬಂದವನನ್ನು ಹೊರಗೆ ನಿಲ್ಲಿಸುವ ಜಾಯಮಾನ ಅತ್ತೆಯದಲ್ಲ. ಕೂರಿಸಿ ನೀರುದೋಸೆ ಬಡಿಸಿದರು. ಅವನು ಪುಸ್ತಕ ಬಿಚ್ಚಿದ.

“ಅವನು ಚಿಕ್ಕಂದಿನಲ್ಲೇ ಚೆಂಡು ಚೆನ್ನಾಗಿ ಎಸೆಯುತ್ತಿದ್ದನೇ?”

“ಇನ್ನೊಂದು ದೋಸೆ ಹಾಕಲೇ?”

“ಅಪ್ಪನ ಹಾಗೆ ಆಗಬೇಕು ಅನ್ನುತ್ತಿದ್ದನೇ?”

“ಚಟ್ನಿ ಖಾರವಾಯಿತೇ?”

ಒಂದು ಗಂಟೆಯ ಮೇಲೆ ಅವನು ತುಂಬಿದ ಹೊಟ್ಟೆ, ಖಾಲಿ ಪುಸ್ತಕ ಹೊತ್ತು ಹೊರಟ. ಆದರೆ ಆ ಒಂದು ಗಂಟೆಯಲ್ಲಿ ಅತ್ತೆ ಮಾಡಿದ ಸಂದರ್ಶನ ಮಾತ್ರ ಭರ್ಜರಿಯಾಗಿ ನಡೆದಿತ್ತು. ಮರುದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವನ ತಾಯಿಯ ಮಂಡಿ ಆಪರೇಷನ್ನಿನಿಂದ ಹಿಡಿದು ಎಲ್ಲವೂ ಬಂತು. “ಪಾಪ, ಆ ಪೇಪರಿನ ಹುಡುಗನನ್ನು ಗರ್ಲ್‌ಫ್ರೆಂಡ್ ಬಿಟ್ಟು ಸುಂಡ್‌ಬೀಬರಿ ಅನ್ನುವ ಊರಿಗೆ ಹೋದಳಂತೆ. ಬೆಕ್ಕನ್ನೂ ತಗೊಂಡು ಹೋದಳಂತೆ!”

ಆ ಬಾಸ್ಕೆಟ್‌ಬಾಲ್ ಹುಡುಗ ಊರಿನಲ್ಲಿ ಮೊದಲ ಸಲ ಆಡಿದ್ದು ಒಂದು ಶನಿವಾರ ಮಧ್ಯಾಹ್ನ. ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ಬಾಸ್ಕೆಟ್‌ಬಾಲಿನ ನಿಯಮ ಅವರಿಗೆ ಒಂದೂ ತಿಳಿಯದು. ಆದರೆ ಡಾಗಿಸಿನ ನಿಯಮ ಎಲ್ಲಾ ಕಡೆ ಒಂದೇ ತಾನೆ? ಎದುರಾಳಿಯೊಬ್ಬ ಚೆಂಡು ಕಸಿದುಕೊಂಡಾಗ, “ಕೇಳಿ ತಗೋಬೇಕು!” ಎಂದು ಸ್ವೀಡಿಷಿನಲ್ಲಿ ಗದರಿದರು. ನಮ್ಮ ಮುಂದೆ ಕೂತಿದ್ದ ಗಡ್ಡದವನೊಬ್ಬ ಬೆಚ್ಚಿ, ಕೈಕಟ್ಟಿಕೊಂಡು ನೆಟ್ಟಗೆ ಕೂತ. ಅವನೂ ಹಳೆಯ ಗುಬ್ಬಿಯೇ ಇರಬೇಕು.

ಕೊನೆಯ ಕ್ಷಣ ಬಂತು. ನಮ್ಮ ತಂಡ ಒಂದೇ ಒಂದು ಅಂಕ ಹಿಂದೆ. ಹುಡುಗನಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ, ಸಿಕ್ಕವು. ಅವನು ಚೆಂಡು ಹಿಡಿದು ಒಬ್ಬನೇ ನಿಂತಿದ್ದಾನೆ. ಕ್ಯಾಮರಾಗಳೆಲ್ಲ ಗ್ಯಾಲರಿಯಲ್ಲಿ ಕೂತ ಅಪ್ಪನ ಕಡೆ! ಮೊದಲನೆಯದು ಬುಟ್ಟಿಯ ಬಳೆಗೆ ಬಡಿದು ಹೊರಬಿತ್ತು. ಎರಡನೆಯದು ಬಳೆಯನ್ನು ಮುಟ್ಟಲೂ ಇಲ್ಲ. ನಾವು ಸೋತೆವು.

“ಅಪ್ಪ ಆಗಿದ್ದರೆ...” ಎಂದು ಹಿಂದೆ ಯಾರೋ ಶುರುಮಾಡಿದರು. ಅತ್ತೆ ತಿರುಗಿ ನೋಡಿದ ನೋಟಕ್ಕೆ ಮಾತು ಅಲ್ಲೇ ನಿಂತಿತು.

ನಾನು ಬೇಡವೆಂದರೂ ಕೇಳದೆ ಅತ್ತೆ ಕೆಳಗಿಳಿದರು. ಅಂಗಣದ ಅಂಚಿನಲ್ಲಿ ವರದಿಗಾರರು ಹುಡುಗನನ್ನು ಸುತ್ತುವರಿದಿದ್ದರು. “ಮನೆಗೆ ಹೋಗಿ ಅಪ್ಪನಿಗೆ ಏನು ಹೇಳುತ್ತೀ?” “ಅಪ್ಪ ಎಂದಾದರೂ ಹೀಗೆ ಎರಡನ್ನೂ ತಪ್ಪಿಸಿದ್ದುಂಟೇ?” ಅವನು ನೆಲ ನೋಡುತ್ತಾ ನಿಂತಿದ್ದ. ಕಿವಿ ಕೆಂಪಾಗಿತ್ತು. ತಲೆಯೆತ್ತಿದಾಗ ಅವರೆಲ್ಲರ ಹಿಂದೆ ಅತ್ತೆ ಕಂಡರು. ಗುರುತು ಹಿಡಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು.

“ಮೂರು ವರ್ಷದವನಿದ್ದಾಗ ನನಗೆ ಚೆಂಡು ಕಂಡರೆ ಭಯ” ಅಂದ, ಯಾರೂ ಕೇಳದೆಯೇ. “ಅಂಗಳದಲ್ಲಿ ಚೆಂಡು ಉರುಳಿ ಬಂದರೆ ಅಳುತ್ತಾ ಓಡಿ ಹೋಗಿ ಟೀಚರ್ ಕೋಟಿನೊಳಗೆ ಸೇರಿಕೊಳ್ಳುತ್ತಿದ್ದೆ. ಅಪ್ಪನಿಗೂ ಗೊತ್ತಿಲ್ಲ. ಇಗೋ, ಅವರೇ ನನ್ನ ಟೀಚರ್. ಕೇಳಿ ನೋಡಿ.”

ಮೈಕುಗಳೆಲ್ಲ ಒಟ್ಟಿಗೆ ಈ ಕಡೆ ತಿರುಗಿದವು. ಎಲ್ಲರಿಗಿಂತ ಮುಂದೆ ನಮ್ಮ ನೀರುದೋಸೆಯ ಹುಡುಗ! “ನಿಜವೇ?”

ನಾನು ಅತ್ತೆಯನ್ನೇ ನೋಡಿದೆ. ಹದಿನಾರು ವರ್ಷದ ಮಾತು ಗಂಟಲು ದಾಟಿ ಹಲ್ಲಿನವರೆಗೆ ಬಂದು ನಿಂತದ್ದು ಕಾಣುತ್ತಿತ್ತು.

“ಟಿಸ್ಟ್‌ನಾಡ್ಸ್‌ಪ್ಲಿಕ್ಟ್” ಅಂದರು.

ಮೊದಲು ನಕ್ಕವನು ಆ ಹುಡುಗನೇ. ಆಮೇಲೆ ಎಲ್ಲರೂ.

ಅತ್ತೆ ನಗಲಿಲ್ಲ. ಅವರ ಕಣ್ಣು ಅವನ ಬೂಟಿನ ಮೇಲಿತ್ತು. ಒಂದರ ಲೇಸು ಬಿಚ್ಚಿ ನೆಲದ ಮೇಲೆ ಹರಡಿತ್ತು. “ಅಯ್ಯೋ, ನಿಲ್ಲು, ಬೀಳ್ತೀ” ಎಂದು ಕನ್ನಡದಲ್ಲೇ ಅಂದು, ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿಯುವ ಅತ್ತೆ, ಅಷ್ಟು ಕ್ಯಾಮರಾಗಳ ನಡುವೆ ಮಂಡಿಯೂರಿ ಕೂತೇಬಿಟ್ಟರು. ಹುಡುಗ ಕಾಲು ಮುಂದೆ ಚಾಚಿದ. ಬೂಟು ಹಾಕಿಸಿಕೊಳ್ಳುವ ಚಿಕ್ಕ ಮಕ್ಕಳು ಬೀಳದಿರಲೆಂದು ಮಾಡುವ ಹಾಗೆ, ತನ್ನ ಆ ದೊಡ್ಡ ಅಂಗೈಯನ್ನು ಅತ್ತೆಯ ನೆತ್ತಿಯ ಮೇಲೆ ಊರಿಕೊಂಡ.

ಅತ್ತೆ ಎರಡು ಗಂಟು ಬಿಗಿದು ಮುಗಿಸಿದರು. ಅವನು ಕೈ ತೆಗೆಯಲಿಲ್ಲ. ಅತ್ತೆಯೂ ಏಳಲಿಲ್ಲ.