ಹತ್ತು ಹತ್ತೊಂಬತ್ತಕ್ಕೆ ಬಂದ ಪೆಟ್ಟಿಗೆ

ಇಂಗ್ಲೆಂಡಿನ ಈಶಾನ್ಯ ಸೀಮೆಯಲ್ಲಿ ಸಂಸತ್ತಿನ ಚುನಾವಣೆ ನಡೆಯುವುದು ಯಾರು ಗೆದ್ದರು ಎಂದು ತಿಳಿಯುವುದಕ್ಕಲ್ಲ, ಯಾವ ಕ್ಷೇತ್ರ ಮೊದಲು ಫಲಿತಾಂಶ ಹೇಳಿತು ಎಂದು ತಿಳಿಯುವುದಕ್ಕೆ. ಯಾರೋ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ.

ಸ್ಕೆಲ್‌ಬರ್ನ್ ಪೂರ್ವ ಕ್ಷೇತ್ರ ಸತತ ಐದು ಚುನಾವಣೆಗಳಲ್ಲಿ ಇಡೀ ದೇಶಕ್ಕೇ ಮೊದಲನೆಯದಾಗಿತ್ತು. ಆರನೆಯದರಲ್ಲಿ ನದಿಯಾಚೆಯ ಹ್ಯಾಡ್‌ಮತ್ ಕ್ಷೇತ್ರ ಮತದಾನ ಮುಗಿದ ನಲವತ್ತಾರು ನಿಮಿಷಕ್ಕೆ ಫಲಿತಾಂಶ ಸಾರಿ, ಒಂದೇ ಒಂದು ನಿಮಿಷದಿಂದ ಮುಂದೆ ಹೋಯಿತು. ಆ ಸಲ ಸ್ಕೆಲ್‌ಬರ್ನಿನಲ್ಲಿ ಗೆದ್ದವರು ಯಾರು ಎಂದು ಕೇಳಿದರೆ ಊರಿನವರು ಈಗ ತಲೆ ಕೆರೆದುಕೊಳ್ಳುತ್ತಾರೆ. ಆ ಒಂದು ನಿಮಿಷವನ್ನು ಮಾತ್ರ ಯಾರೂ ಮರೆತಿಲ್ಲ.

ಮರೆಯದವರಲ್ಲಿ ಮೊದಲಿಗರು ಜೂಲಿಯನ್ ಫೆದರ್‌ಸ್ಟನ್. ಪುರಸಭೆಯ ಮುಖ್ಯಾಧಿಕಾರಿ; ಚುನಾವಣೆ ಬಂದಾಗ ಚುನಾವಣಾಧಿಕಾರಿಯೂ ಅವರೇ. ಮುಂದಿನ ಸಲಕ್ಕೆಂದು ಅವರು ಎರಡು ವರ್ಷ ಮೊದಲೇ ಸಿದ್ಧತೆ ಆರಂಭಿಸಿದರು. ಬೆರಳು ಚುರುಕಾಗಿರುವ ಬ್ಯಾಂಕಿನ ಗುಮಾಸ್ತರನ್ನು ಪರೀಕ್ಷೆ ಮಾಡಿ ಆರಿಸಿದರು. ಮತಪತ್ರದ ಕಾಗದವನ್ನು ಅಂಗೈ ಕಾಣುವಷ್ಟು ತೆಳುವಾಗಿಸಿದರು. ವ್ಯಾನಿನಿಂದ ಮೇಜಿನವರೆಗೆ ಪೆಟ್ಟಿಗೆ ಹೊತ್ತು ಓಡಲು ರಗ್ಬಿ ಸಂಘದ ಹನ್ನೆರಡು ಮಂದಿಯನ್ನು ಗೊತ್ತುಮಾಡಿದರು. ಚುನಾವಣೆಯ ರಾತ್ರಿ ಪೇಟೆಯ ಸಿಗ್ನಲ್ ದೀಪಗಳೆಲ್ಲ ಹಸಿರಾಗಿಯೇ ಇರತಕ್ಕದ್ದು ಎಂದು ಆದೇಶಿಸಿದರು. ಎಲ್ಲಾ ದಿಕ್ಕಿಗೂ ಹಸಿರೇ ಎಂದು ಪೊಲೀಸರು ಕೇಳಿದಾಗ, ಪ್ರಜಾಪ್ರಭುತ್ವದಲ್ಲಿ ತಾರತಮ್ಯ ಸಲ್ಲದು ಎಂದರು.

ಕೊನೆಗೆ ಅಭ್ಯಾಸದ ದಿನ ಇನ್ನೊಂದು ತೊಡಕು ಕಂಡಿತು. ನಲವತ್ತೊಂದು ಮತಗಟ್ಟೆಗಳಲ್ಲಿ ಒಂದೆರಡು ಗುಡ್ಡದ ಮೇಲಿದ್ದವು. ಅಲ್ಲಿಂದ ಪೆಟ್ಟಿಗೆ ಬರುವ ತನಕ ಉಳಿದವರು ಸುಮ್ಮನೆ ಬಿಸ್ಕತ್ತು ತಿನ್ನುತ್ತ ಕೂರಬೇಕು. ಆದ್ದರಿಂದ ಹದಿನಾಲ್ಕನೆಯ ನಿಯಮ ಹುಟ್ಟಿತು:

"ಎಣಿಕೆ ಭವನದ ಬಾಗಿಲನ್ನು ರಾತ್ರಿ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಮುಚ್ಚತಕ್ಕದ್ದು. ಆ ಹೊತ್ತಿಗೆ ಬಂದಿರುವ ಪೆಟ್ಟಿಗೆಗಳನ್ನೇ ಎಲ್ಲಾ ಪೆಟ್ಟಿಗೆಗಳು ಎಂದು ಭಾವಿಸತಕ್ಕದ್ದು."

ಯಾರೂ ಆಕ್ಷೇಪಿಸಲಿಲ್ಲ. ನಿಯಮ ಬಿಗಿಯಾಗಿತ್ತು, ಚಿಕ್ಕದಾಗಿತ್ತು.

ಗುಡ್ಡದ ಮೇಲಿನ ಹಳ್ಳಿಯ ಹೆಸರು ಹಾರ್‌ಫೆಲ್. ಅಲ್ಲಿನ ಪ್ರಾರ್ಥನಾ ಮಂದಿರದ ಹಜಾರವೇ ನಲವತ್ತೊಂದನೆಯ ಮತಗಟ್ಟೆ. ಅದರ ಅಧಿಕಾರಿ ಕ್ಲಿಫರ್ಡ್ ಹೆಸ್ಲಪ್, ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಎಳೆದು ನಿವೃತ್ತನಾದವನು. ಅವನ ಕೈಗಡಿಯಾರ ನೋಡಿ ಊರಿನವರು ಚರ್ಚಿನ ಗಡಿಯಾರ ತಿದ್ದುತ್ತಿದ್ದರು. ನಿಯಮವೆಂದರೆ ಹಳಿ, ಮನುಷ್ಯ ಅದರ ಮೇಲಿನ ಬಂಡಿ ಎಂದು ನಂಬಿದವನು. ತನ್ನ ಹೆಂಡತಿ ಜೀನ್ ಮತ ಹಾಕಲು ಬಂದಾಗಲೂ ಹೆಸರು, ವಿಳಾಸ, ಗುರುತಿನ ಚೀಟಿ ಕೇಳಿಯೇ ಮತಪತ್ರ ಕೊಟ್ಟಿದ್ದ. ಇನ್ನೊಂದು ಸಲ ನನ್ನ ಕಂಡ್ರೆ ಗುರುತು ಸಿಗುತ್ತೋ ಇಲ್ವೋ ಎಂದು ಅವಳು ಗೊಣಗಿಕೊಂಡು ಹೋಗಿದ್ದಳು.

ಈ ಏಳನೆಯ ಚುನಾವಣೆಯಲ್ಲಿ ಹಾರ್‌ಫೆಲ್‌ಗೆ ಒಂದು ಕೆಲಸವೂ ಇತ್ತು. ಊರಿನ ಚಿಕ್ಕ ದವಾಖಾನೆಯನ್ನು ಮುಚ್ಚುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಜೀನಳ ಎಡಗಾಲಿನ ಹುಣ್ಣಿಗೆ ಪ್ರತಿ ಮಂಗಳವಾರ ಅಲ್ಲೇ ಪಟ್ಟಿ ಕಟ್ಟುತ್ತಿದ್ದುದು. ಅದು ಮುಚ್ಚಿದರೆ ಎರಡು ಬಸ್ಸು ಹತ್ತಿ ಇಪ್ಪತ್ತೆರಡು ಮೈಲಿ ಹೋಗಬೇಕು. ಹೀಗಾಗಿ ದವಾಖಾನೆಯ ನರ್ಸ್ ಮೋರೀನ್ ಡಾಡ್ಸ್ ತಾನೇ ಪಕ್ಷೇತರಳಾಗಿ ನಿಂತಿದ್ದಳು. ಕೆಳಗಿನ ಪೇಟೆಯಲ್ಲೂ ಅವಳ ಕಡೆ ಗಾಳಿ ಬೀಸಿತ್ತು. ಹಾರ್‌ಫೆಲ್‌ನಲ್ಲಂತೂ ಎಂಟು ಮನೆ ಬಿಟ್ಟು ಮಿಕ್ಕ ಎಲ್ಲಾ ಕಿಟಕಿಗಳಲ್ಲೂ ಅವಳದೇ ಚಿತ್ರ. ಆ ಎಂಟು ಮನೆಗಳಲ್ಲಿ ಕ್ಲಿಫರ್ಡನದೂ ಒಂದು. ಮತಗಟ್ಟೆ ಅಧಿಕಾರಿಗೆ ಪಕ್ಷಪಾತ ಕೂಡದು ಎಂದು ಹೆಂಡತಿ ಅಂಟಿಸಿದ್ದನ್ನು ಅವನೇ ಕಿತ್ತು, ಮಡಿಚಿ, ಮೇಜಿನ ಖಾನೆಯಲ್ಲಿ ಜೋಪಾನವಾಗಿ ಇಟ್ಟಿದ್ದ.

ಚುನಾವಣೆಯ ದಿನ ರಾತ್ರಿ ಒಂಬತ್ತು ಐವತ್ತೆಂಟಕ್ಕೆ ತೊಂಬತ್ತೊಂದು ವರ್ಷದ ಈಡಿತ್ ಪೌಂಡರ್ ನಡೆಯಲು ಆಸರೆಯ ತಳ್ಳುಗಾಡಿ ಹಿಡಿದು, ಮುದಿ ನಾಯಿಯೊಂದಿಗೆ ಹಜಾರದ ಬಾಗಿಲಿಗೆ ಬಂದಳು. ಹತ್ತು ಹೊಡೆಯಿತು. ಹತ್ತರೊಳಗೆ ಸಾಲಿನಲ್ಲಿ ನಿಂತವರಿಗೆ ಮತದ ಹಕ್ಕುಂಟು. ಇದು ದೇಶದ ಕಾನೂನು. ಸಾಲೆಂದರೆ ಅವಳೊಬ್ಬಳೇ.

"ನಿಧಾನಕ್ಕೆ ಹಾಕಿ ಮಿಸೆಸ್ ಪೌಂಡರ್," ಎಂದ ಕ್ಲಿಫರ್ಡ್, ಗಡಿಯಾರ ನೋಡದೆ.

"ನಿಧಾನವಾಗದೆ ಇನ್ನೇನಪ್ಪ," ಎಂದಳು ಅವಳು. "ಹತ್ತು ನಿಮಿಷ ಮೊದಲೇ ಬರ್ತಿದ್ದೆ. ನಿಮ್ಮ ರೈಲಿನ ಥರ ಈ ನಾಯಿ ಪ್ರತಿ ಕಂಬಕ್ಕೂ ನಿಲ್ಲುತ್ತೆ."

ಕನ್ನಡಕ ಸಿಕ್ಕಿತು, ಒರೆಸಿದ್ದಾಯಿತು. ದಾರ ಕಟ್ಟಿದ್ದ ಪೆನ್ಸಿಲ್ ಹಿಡಿದು ಗುರುತು ಹಾಕಿದ್ದಾಯಿತು. ಪೆಟ್ಟಿಗೆಯ ಸೀಳಿಗೆ ಮತಪತ್ರ ಬಿದ್ದಾಗ ಹತ್ತು ಗಂಟೆ ನಾಲ್ಕು ನಿಮಿಷ. ಕ್ಲಿಫರ್ಡ್ ಸೀಲು ಹಾಕಿದ. ಆರುನೂರ ಹನ್ನೆರಡು ಮತ. ವ್ಯಾನು ಕಾದಿರಲಿಲ್ಲ; ಹತ್ತಕ್ಕೆ ಹೊರಡತಕ್ಕದ್ದು ಎಂದು ಅದಕ್ಕೆ ಆದೇಶವಿತ್ತು. ತನ್ನ ಕಾರಿನಲ್ಲೇ ಪೆಟ್ಟಿಗೆಯನ್ನು ಇಟ್ಟುಕೊಂಡು ಕ್ಲಿಫರ್ಡ್ ಗುಡ್ಡ ಇಳಿದ. ಎಲ್ಲಾ ದಿಕ್ಕಿಗೂ ಹಸಿರು ಕೊಟ್ಟಿದ್ದರಿಂದ ಪ್ರತಿ ಕೂಡುರಸ್ತೆಯಲ್ಲೂ ನಾಲ್ಕು ಕಡೆಯ ಗಾಡಿಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು.

ಎಣಿಕೆ ನಡೆಯುತ್ತಿದ್ದುದು ಪುರಸಭೆಯ ಈಜುಕೊಳದ ಪಕ್ಕದ ಆಟದ ಭವನದಲ್ಲಿ. ಅವನು ಬಾಗಿಲು ತಟ್ಟಿದಾಗ ಹತ್ತು ಹತ್ತೊಂಬತ್ತು. ಗಾಜಿನ ಆಚೆ ನಿಂತ ರಗ್ಬಿ ಆಟಗಾರನೊಬ್ಬ ಹದಿನಾಲ್ಕನೆಯ ನಿಯಮದ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದ. ಕ್ಲಿಫರ್ಡ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ನಿಯಮ ನಿಯಮವೇ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕೂತ.

ಹತ್ತು ನಲವತ್ತನಾಲ್ಕಕ್ಕೆ ಒಳಗಿನಿಂದ ಧ್ವನಿವರ್ಧಕ ಕೇಳಿಸಿತು. ಮೋರೀನ್ ಡಾಡ್ಸ್ ಇನ್ನೂರ ಹನ್ನೆರಡು ಮತಗಳಿಂದ ಸೋತಿದ್ದಳು. ಯಾರಿಗೆ ಎಂಬುದು ಚಪ್ಪಾಳೆಯಲ್ಲಿ ಕೇಳಿಸಲಿಲ್ಲ; ಎರಡು ನಿಮಿಷದ ಅಂತರದಿಂದ ದಾಖಲೆ ಮುರಿದಿತ್ತು.

ಫೆದರ್‌ಸ್ಟನ್ ಕೋಟಿಗೆ ಹೂ ಸಿಕ್ಕಿಸಿಕೊಂಡು ಹೊರಬಂದರು. ಪೆಟ್ಟಿಗೆಯನ್ನೂ ಅದರ ಪಕ್ಕದ ಮನುಷ್ಯನನ್ನೂ ನೋಡಿದರು.

"ಇದೇನಿದು ಹೆಸ್ಲಪ್?"

"ನಲವತ್ತೊಂದನೇ ಪೆಟ್ಟಿಗೆ, ಸರ್."

"ಎಲ್ಲಾ ಪೆಟ್ಟಿಗೆ ಎಣಿಸಿ ಆಯ್ತಲ್ಲ."

"ಇದು ಎಣಿಸಿಲ್ಲ, ಸರ್."

"ಹಾಗಾದ್ರೆ ಇದು ಪೆಟ್ಟಿಗೆ ಅಲ್ಲ," ಎಂದರು ಫೆದರ್‌ಸ್ಟನ್, ಸಿಟ್ಟೇನೂ ಇಲ್ಲದೆ. ಒಮ್ಮೆ ಸಾರಿದ ಫಲಿತಾಂಶವನ್ನು ಚುನಾವಣಾಧಿಕಾರಿ ತಾನಾಗಿ ತಿದ್ದುವಂತಿಲ್ಲ, ಬೇಕಾದವರು ಇಪ್ಪತ್ತೊಂದು ದಿನದೊಳಗೆ ಕೋರ್ಟಿಗೆ ಹೋಗಬಹುದು ಎಂದು ವಿವರಿಸಿದರು. ಅದು ಕ್ಲಿಫರ್ಡನಿಗೂ ಗೊತ್ತಿತ್ತು. ಅಲ್ಲಿಯವರೆಗೆ ಇದನ್ನು ಎಲ್ಲಿಡುವುದು ಎಂದು ಕೇಳಿದ. ಈಜುಕೊಳದ ಆವರಣದಲ್ಲಿ ವಾರಸುದಾರರಿಲ್ಲದೆ ಸಿಕ್ಕ ಸಾಮಾನಿಗೆ ಈಜುಕೊಳದ್ದೇ ಒಂದು ವ್ಯವಸ್ಥೆ ಉಂಟು ಎಂದರು ಫೆದರ್‌ಸ್ಟನ್.

ಹೀಗೆ ಹಾರ್‌ಫೆಲ್ ಗ್ರಾಮದ ಮತಗಳು ಮರೆತುಹೋದ ಸಾಮಾನುಗಳ ಕಪಾಟು ಸೇರಿದವು. ಒಂದು ಕಡೆ ಈಜುಕನ್ನಡಕಗಳು, ಇನ್ನೊಂದು ಕಡೆ ಒಂಟಿ ಬೂಟು. ಪುಸ್ತಕದಲ್ಲಿ ಹೀಗೆ ದಾಖಲಾಯಿತು: "ಪೆಟ್ಟಿಗೆ, ಕಪ್ಪು, ಒಂದು. ಒದ್ದೆಯಾಗಿಲ್ಲ." ಇಪ್ಪತ್ತೆಂಟು ದಿನದೊಳಗೆ ವಾರಸುದಾರರು ಬಂದು, ವಸ್ತುವನ್ನು ಸರಿಯಾಗಿ ಬಣ್ಣಿಸಿ ಒಯ್ಯಬಹುದು. ಅಷ್ಟು ದಿನ ಕಪಾಟಿನ ಸಾಮಾನನ್ನು ಬೇರೆ ಯಾರೂ, ವಕೀಲರೂ ಸೇರಿದಂತೆ, ಮುಟ್ಟತಕ್ಕದ್ದಲ್ಲ. ಮೋರೀನ್ ಡಾಡ್ಸ್ ಕರೆತಂದ ವಕೀಲ ಇಪ್ಪತ್ತೊಂದನೆಯ ದಿನದವರೆಗೂ ಬಂದು ಕಪಾಟಿನ ಗಾಜಿನೊಳಗೆ ಇಣುಕಿ ನೋಡಿ ಹೋದ.

ಉಳಿದದ್ದು ಒಂದೇ ದಾರಿ. ಅದರ ಮುಂದಿನ ಮಂಗಳವಾರ ಹಾರ್‌ಫೆಲ್‌ನವರು ಎರಡು ಬಸ್ಸಿನಲ್ಲಿ ಇಳಿದುಬಂದು, ತಂತಮ್ಮ ಮತ ವಾಪಸು ಕೇಳಲು ಈಜುಕೊಳದ ಮುಂದೆ ಸಾಲು ನಿಂತರು. ಕ್ಲಿಫರ್ಡ್ ಸಾಲು ನೇರ ಮಾಡಿದ. ಜೀನ್ ಕಾಲು ನೋವೆಂದು ಬೆಂಚಿನ ಮೇಲೆ ಕೂತಿದ್ದಳು. ಮೊದಲಿಗೆ ಈಡಿತ್ ಪೌಂಡರ್. ಕಿಟಕಿಯಲ್ಲಿದ್ದ ಕೆಲ್ಲಿ ಎಂಬ ಹೆಂಗಸು ಒಳ್ಳೆಯವಳು. ಆದಷ್ಟು ಸಹಾಯ ಮಾಡಬೇಕೆಂದೇ ಇದ್ದಳು.

"ಏನು ಕಳೆದಿದೆ ಅಜ್ಜಿ?"

"ಮತ ಕಣಮ್ಮ."

"ನೋಡೋಕೆ ಹೇಗಿತ್ತು?"

"ಬಿಳೀ ಕಾಗದ. ಎರಡು ಮಡಿಕೆ."

"ಅಲ್ಲಿರೋದೆಲ್ಲಾ ಬಿಳೀ ಕಾಗದಾನೇ. ನಿಮ್ಮದೇ ಅಂತ ಗೊತ್ತಾಗೋ ಥರ ಏನಾದ್ರೂ ಹೇಳಿ. ಗುರುತು ಯಾರ ಹೆಸರಿನ ಮುಂದೆ ಹಾಕಿದ್ರಿ?"

ಈಡಿತ್ ಬಾಯಿ ತೆರೆದಳು. ಸಾಲಿನ ಪಕ್ಕದಿಂದ ಕ್ಲಿಫರ್ಡನ ಕೈ, ಸಿಗ್ನಲ್ಲಿನ ಕೈಮರದ ಹಾಗೆ, ತಾನಾಗಿಯೇ ಅಡ್ಡ ಬಂತು.

"ಹೇಳಕೂಡದು ಮಿಸೆಸ್ ಪೌಂಡರ್. ಮತ ಗುಟ್ಟಿನದು."

ಬೆಂಚಿನ ಮೇಲಿದ್ದ ಜೀನ್ ತನ್ನ ಗಂಡನನ್ನು, ಎಂದೂ ಕಾಣದವನನ್ನು ನೋಡುವಂತೆ, ನೋಡಿದಳು.

"ಕ್ಲಿಫ್," ಎಂದಳು ಮೆಲ್ಲಗೆ. "ಅವಳು ಹೇಳಿದ್ರೆ ಪೆಟ್ಟಿಗೆ ಈಚೆ ಬರುತ್ತೆ."

"ಹೇಳಿದ್ರೆ ಅದು ಮತ ಆಗಿರಲ್ಲ ಜೀನ್."

"ಹೇಳದೆ ಇದ್ರೆ?"

ಇದಕ್ಕೆ ನಿಯಮವಿರಲಿಲ್ಲ. ಕ್ಲಿಫರ್ಡ್ ಕೈಯನ್ನು ಇಳಿಸಲಿಲ್ಲ. ಬಣ್ಣಿಸದೆ ಕೊಡುವಂತಿಲ್ಲ ಎಂದು ಕೆಲ್ಲಿಯೂ, ಬಣ್ಣಿಸುವಂತಿಲ್ಲ ಎಂದು ಕ್ಲಿಫರ್ಡನೂ, ಇಬ್ಬರೂ ಸರಿಯಾಗಿಯೇ ಇದ್ದರು. ಇಬ್ಬರು ಸರಿಯಾಗಿರುವಾಗ ಮೂರನೆಯವರು ಮನೆಗೆ ಹೋಗುವುದು ಆ ದೇಶದ ಸಂಪ್ರದಾಯ. ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಹತ್ತಿದರು. ದಾರಿಯುದ್ದಕ್ಕೂ ಜೀನ್ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಇಪ್ಪತ್ತೆಂಟು ದಿನ ಕಳೆಯಿತು. ವಾರಸುದಾರರಿಲ್ಲದ ಸಾಮಾನನ್ನು ಧರ್ಮಾರ್ಥದ ಅಂಗಡಿಗೆ ಕೊಡುವುದು ವಾಡಿಕೆ. ಬೀಗದಕೈ ಇಲ್ಲದ ಪೆಟ್ಟಿಗೆ ಮಾರಾಟವಾಗುವುದಿಲ್ಲವೆಂದು ಅಂಗಡಿಯವರು ಒಂಟಿ ಬೂಟನ್ನು ಮಾತ್ರ ತೆಗೆದುಕೊಂಡರು. ಪೆಟ್ಟಿಗೆ ಪುರಸಭೆಯ ಉಗ್ರಾಣಕ್ಕೆ ಹೋಯಿತು. ಅದೇ ತಿಂಗಳು ದವಾಖಾನೆ ಮುಚ್ಚಿತು. ಮೋರೀನ್ ಡಾಡ್ಸ್ ದೂರದ ದೊಡ್ಡ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಮೂರನೆಯ ಚಳಿಗಾಲದಲ್ಲಿ ಈಡಿತ್ ಪೌಂಡರ್ ವೈದ್ಯರಲ್ಲಿಗೆ ಹೋಗುತ್ತ, ಮೊದಲ ಬಸ್ಸಿಳಿದು ಎರಡನೆಯದಕ್ಕೆ ಕಾಯುವಾಗ ತೀರಿಕೊಂಡಳು. ಎರಡೂ ಬಸ್ಸುಗಳು ಸಮಯಕ್ಕೆ ಸರಿಯಾಗಿ ಓಡಿದ್ದವೆಂದು ವಿಚಾರಣೆಯಲ್ಲಿ ತಿಳಿದುಬಂದದ್ದರಿಂದ ಯಾರದೂ ತಪ್ಪಿರಲಿಲ್ಲ.

ಐದು ವರ್ಷವಾಯಿತು. ಮತ್ತೆ ಚುನಾವಣೆ. ಹ್ಯಾಡ್‌ಮತ್‌ನವರು ಓಟದ ನಾಯಿಗಳ ತರಬೇತುದಾರನೊಬ್ಬನನ್ನು ನೇಮಿಸಿಕೊಂಡಿದ್ದಾರೆಂಬ ಸುದ್ದಿ ಹಬ್ಬಿತ್ತು. ಫೆದರ್‌ಸ್ಟನ್ ತಾವೇ ಗುಡ್ಡ ಹತ್ತಿ ಕ್ಲಿಫರ್ಡನ ಮನೆಗೆ ಬಂದರು. ಉಗ್ರಾಣದಲ್ಲಿ ಒಂದು ಪೆಟ್ಟಿಗೆ ಉಂಟು, ಸೀಲು ಮುರಿದಿಲ್ಲ, ಒಳಗೆ ಹಾರ್‌ಫೆಲ್‌ನ ಮತಗಳು ಕ್ರಮಬದ್ಧವಾಗಿ ಬಿದ್ದಿವೆ, ಯಾವ ಚುನಾವಣೆಯಲ್ಲೂ ಬಳಕೆಯಾಗಿಲ್ಲ ಎಂದು ಹೇಳಿದರು. ಈ ಸಲ ಅದನ್ನೇ ಎಣಿಸಿದರೆ ಹಳ್ಳಿಯವರು ಮಳೆಯಲ್ಲಿ ಹೊರಬೀಳುವುದು ತಪ್ಪುತ್ತದೆ, ಪುರಸಭೆಗೆ ಹಜಾರದ ಬಾಡಿಗೆ ಉಳಿಯುತ್ತದೆ, ಪೆಟ್ಟಿಗೆ ಹತ್ತು ಹೊಡೆಯುವ ಮೊದಲೇ ಬಾಗಿಲಲ್ಲಿರುತ್ತದೆ.

ಕ್ಲಿಫರ್ಡ್ ನಾಲ್ಕು ದಿನ ಕಾಯಿದೆ ಪುಸ್ತಕ ಓದಿದ. ಪೆಟ್ಟಿಗೆಗೆ ಬಿದ್ದ ಪ್ರತಿಯೊಂದು ಮತವನ್ನೂ ಎಣಿಸತಕ್ಕದ್ದು ಎಂದಿತ್ತು. ಯಾವ ಚುನಾವಣೆಯಲ್ಲಿ ಎಂದು ಬೇರೆಯಾಗಿ ಹೇಳಿರಲಿಲ್ಲ. ಐದು ವರ್ಷದಿಂದ ಅವನ ಎದೆಯೊಳಗೆ ಮುಚ್ಚಿದ ಬಾಗಿಲೊಂದಿತ್ತು. ಅದೀಗ ಸ್ವಲ್ಪ ತೆರೆದ ಹಾಗಾಯಿತು. ಒಪ್ಪಿದ.

ಊರಿನವರೂ ಒಪ್ಪಿದರು. ಸತ್ತವರು ಹದಿನೇಳು ಮಂದಿ ಇದ್ದಾರಲ್ಲ ಎಂದು ಹೆಂಡದಂಗಡಿಯಲ್ಲಿ ಯಾರೋ ಎತ್ತಿದರು. ಮತ ಹಾಕಿದಾಗ ಅವರೆಲ್ಲ ಬದುಕಿದ್ದರು ಎಂದು ಕ್ಲಿಫರ್ಡ್ ಹೇಳಿದ ಮೇಲೆ ಅದೂ ಇತ್ಯರ್ಥವಾಯಿತು.

ಚುನಾವಣೆಯ ರಾತ್ರಿ ಕ್ಲಿಫರ್ಡ್ ಎಣಿಕೆ ಭವನದ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ಒಂಬತ್ತು ಐವತ್ತೊಂಬತ್ತಕ್ಕೇ ನಿಂತಿದ್ದ. ಹತ್ತು ಹೊಡೆದಾಗ ಒಳಗೆ ಹೋದ ಮೊದಲ ಪೆಟ್ಟಿಗೆ ಅದೇ. ಹತ್ತು ಮೂವತ್ತೆಂಟಕ್ಕೆ ಫೆದರ್‌ಸ್ಟನ್ ವೇದಿಕೆ ಹತ್ತಿದರು. ಅಭ್ಯರ್ಥಿಗಳ ಹೆಸರು, ಅವರವರ ಮತ ಓದಿದರು. ಕೊನೆಗೆ ಪದ್ಧತಿಯಂತೆ ತಿರಸ್ಕೃತ ಮತಗಳನ್ನು ಓದಿದರು:

"ಈ ಚುನಾವಣೆಯ ಅಭ್ಯರ್ಥಿಗಳ ಪಟ್ಟಿ ಇಲ್ಲದ ಮತಪತ್ರಗಳು: ಆರುನೂರ ಹನ್ನೆರಡು."

ಹಾರ್‌ಫೆಲ್‌ನ ಹೆಂಡದಂಗಡಿಯಲ್ಲಿ ಟೀವಿ ನೋಡುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ಎದ್ದುನಿಂತು ಚಪ್ಪಾಳೆ ತಟ್ಟಿದರು. ತಮ್ಮ ಊರಿನ ಲೆಕ್ಕ ಇಡೀ ದೇಶಕ್ಕೆ ಕೇಳುವಂತೆ, ಒಂದೂ ಹೆಚ್ಚುಕಡಿಮೆಯಾಗದೆ, ಓದಿದ್ದು ಇದೇ ಮೊದಲು. ಹ್ಯಾಡ್‌ಮತ್ ಆರು ನಿಮಿಷ ಹಿಂದೆ ಬಿತ್ತು. ಪುರಸಭೆ ಹಾರ್‌ಫೆಲ್‌ಗೆ ಅಭಿನಂದನಾ ಪತ್ರ ಕಳಿಸಿತು. ಮುಂದಿನ ಚುನಾವಣೆಯ ಮತಗಳನ್ನು ಬಿಡುವಾದಾಗ ಹಾಕಿಡಬೇಕೆಂದೂ, ಅಭ್ಯರ್ಥಿಗಳ ಹೆಸರು ಆಮೇಲೆ ತಿಳಿಸಲಾಗುವುದೆಂದೂ ಕೆಳಗೆ ಬರೆದಿತ್ತು.

ಚುನಾವಣೆಯ ಮಾರನೆಯ ಬೆಳಿಗ್ಗೆ ಜೀನ್ ಕಾಲನ್ನು ಮುಕ್ಕಾಲಿಯ ಮೇಲೆ ಚಾಚಿ ಕೂತಿದ್ದಳು. ಎರಡು ಬಸ್ಸು ಹತ್ತುವ ಶಕ್ತಿ ಹೋದ ಮೇಲೆ ಕ್ಲಿಫರ್ಡನೇ ಪಟ್ಟಿ ಕಟ್ಟಲು ಕಲಿತಿದ್ದ.

"ಒಳಗೆ ಬಿಟ್ರಾ?" ಎಂದು ಕೇಳಿದಳು.

"ಬಿಟ್ರು."

"ಎಷ್ಟು ಹೊತ್ತಿಗೆ?"

"ಹತ್ತಕ್ಕೆ ಸರಿಯಾಗಿ," ಎಂದು ಅವನು ಕತ್ತರಿ ಕೇಳಿದ. ಅವಳು ಮೇಜಿನ ಖಾನೆ ಎಳೆದು, ಮಡಿಚಿಟ್ಟಿದ್ದ ಮೋರೀನಳ ಚಿತ್ರವನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿದ್ದ ಕತ್ತರಿಯನ್ನು ಕೊಟ್ಟಳು.