ಅಪ್ಪ ಅಮ್ಮ ಜ್ವರಕ್ಕೆ ಕೂತ ವಾರ

ಮಕ್ಕಳಿರೋ ಮನೇಲಿ ದಿನಾ ಏನಾದರೊಂದು ಬೆರಗು ನಡೀತಾನೇ ಇರ್ತದೆ. ನಗಬೇಕೋ ಕೈ ಮುಗೀಬೇಕೋ ತಿಳಿಯಾಕಿಲ್ಲ. ಕೂಟಗಲ್ಲಿನ ನಮ್ಮ ಮನೆಗೆ ಅಂಥಾದ್ದಕ್ಕೆ ಒಂದನೇ ಕ್ಲಾಸಿನ ಮೊಮ್ಮಗಳು ಒಬ್ಬಳೇ ಸಾಕು. ಆ ವಾರ ಅವಳು ಮಾಡಿದ್ದು ನೆನೆಸ್ಕೊಂಡರೆ ಈಗಲೂ ಮೈ ಜುಮ್ ಅಂತದೆ.

ಆಗಿದ್ದಿಷ್ಟೇ. ಮಾಗಡೀಲಿ ನನ್ನ ಸೊಸೆಯ ತಂಗಿಗೆ ಸೀಮಂತ. ಬಿಡದಿ ಫ್ಯಾಕ್ಟರಿಗೆ ಹೋಗೋ ನನ್ನ ಮಗ "ರಜಾ ಕೊಡ್ಲಿಲ್ಲ" ಅಂದ. ಸೊಸೆ ಮಗು ಕರ್ಕೊಂಡು ಬಸ್ಸಲ್ಲಿ ಹೋಗಿ ಬಂದಳು. ಬಂದವಳು ಗಂಡನ ಹತ್ತಿರ ಮಾತು ಬಿಟ್ಟಳು. ಅವನೂ ಬಿಟ್ಟ. ಕೂಗಾಡಿದ್ದರೆ ನಾನು ನಡುವೆ ಹೋಗಿ ಗದರಬಹುದಿತ್ತು; ಸುಮ್ಮನಿರೋರ ನಡುವೆ ಎಲ್ಲಿಗೆ ಅಂತ ಹೋಗಲಿ? ಮಗು ಮಾತ್ರ ಇಬ್ಬರ ಮುಖಾನೂ ನೋಡ್ತಾ ಉಗುರು ಕಚ್ಚೋಳು. ನನಗೆ ಅದೇ ಭಯ.

ಸೇರಿಸಿದ ಮಾತು

ಮಾತು ಬಿಟ್ಟ ಮನೇಲಿ ಮಗೂನೇ ಫೋನು. ನನ್ನ ಮಗ ಅಲ್ಲೇ ಮಣೆ ಮೇಲೆ ಕೂತವ್ನೆ, ಸೊಸೆ ಅಡುಗೆಮನೆ ಬಾಗಿಲಿಂದ ಕೂಗ್ತಾಳೆ: "ನಿಮ್ಮಪ್ಪಂಗೆ ಹೇಳು, ಮುದ್ದೆ ಆರೋಯ್ತದೆ."

ಮಗು ಹೋಗಿ ಅಪ್ಪನ ಮುಂದೆ ನಿಂತಿತು. "ಅಪ್ಪಾ, ಮುದ್ದೆ ಆರೋಯ್ತದಂತೆ. ಬಾ ಚಿನ್ನ."

ಸೊಸೆ ಸೌಟು ಹಿಡ್ಕೊಂಡೇ ಈಚೆಗೆ ಬಂದಳು. "ಏ, ಚಿನ್ನ ಅಂತ ನಾನೆಲ್ಲೇ ಅಂದೆ?"

"ನೀನು ಮರ್ತೋಗಿದ್ದೆ ಕಣಮ್ಮ. ನಾನೇ ಸೇರಿಸ್ದೆ."

ನನ್ನ ಮಗ ತಲೆ ಬಗ್ಗಿಸಿ ಮುದ್ದೆ ನುಂಗಿದ. ನುಂಗಿದ್ದು ಮುದ್ದೇನೋ ನಗೂನೋ, ದೇವರಿಗೇ ಗೊತ್ತು.

ಹುಳದ ಮನೇಲಿ

ನಾನು ರೇಷ್ಮೆ ಹುಳ ಸಾಕೋಳು. ಹುಳ ಪೊರೆ ಬಿಡೋ ಮುಂಚೆ ಸೊಪ್ಪು ತಿನ್ನಾಕಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದಂಗೆ ಕೂರ್ತವೆ. ಅದಕ್ಕೆ ನಮ್ಮ ಕಡೆ 'ಜ್ವರಕ್ಕೆ ಕೂತವೆ' ಅಂತೀವಿ. ಮೈ ಬಿಸಿ ಆಗೋ ಜ್ವರ ಅಲ್ಲ ಅದು.

ಮಗು ಹುಳದ ತಟ್ಟೆ ಹತ್ತಿರ ಬಗ್ಗಿ ಕೇಳಿತು, "ಅಜ್ಜಿ, ಇವು ಯಾರ ಮೇಲೆ ಸಿಟ್ಟು ಮಾಡ್ಕೊಂಡವೆ?"

"ಸಿಟ್ಟಲ್ಲ ಕಣ್ಮಗ, ಜ್ವರಕ್ಕೆ ಕೂತವೆ. ಒಳಗೆ ಮೈ ಬೆಳೆದೈತೆ, ಮೇಲಿನ ಪೊರೆ ಬಿಗಿ ಆಗೈತೆ. ಒಸಿ ಹೊತ್ತು ಮುಟ್ಟಬಾರದು, ಸೊಪ್ಪೂ ಹಾಕಬಾರದು. ಎದ್ದ ಮೇಲೆ ತಾವೇ ತಿಂತವೆ."

ಮಗು ಇನ್ನೂ ಬಗ್ಗಿ ಒಂದೊಂದು ಹುಳಾನೂ ನೋಡಿತು. ಆಮೇಲೆ ಮೆತ್ತಗೆ ಕೇಳಿತು, "ಅಪ್ಪಂಗೂ ಅಮ್ಮಂಗೂ ಪೊರೆ ಬಿಗಿ ಆಗೈತಾ ಅಜ್ಜಿ?"

ತಲೆ ನರೆಯೋವರೆಗೂ ಹುಳ ಸಾಕಿದೋಳು, ಸಂಸಾರ ಮಾಡಿದೋಳು ನಾನು. ಎರಡೂ ಒಂದೇ ಅಂತ ನನಗೆ ಒಂದು ದಿನಾನೂ ಹೊಳೆದಿರಲಿಲ್ಲ. "ಹೂಂ ಕಣವ್ವ, ಹಂಗೇ" ಅಂದೆ.

ಅನ್ನಬಾರದಿತ್ತು. ಸಾಯಂಕಾಲ ಊಟಕ್ಕೆ ಕೂತರೆ ಸೊಪ್ಪಿನ ಸಾರಿನ ಪಾತ್ರೇನೇ ಇಲ್ಲ. ಆಮೇಲೆ ಗೊತ್ತಾಯ್ತು, ಮಗು ಎತ್ಕೊಂಡು ಹೋಗಿ ಮಂಚದ ಕೆಳಗೆ ಇಟ್ಟುಬುಟ್ಟಿತ್ತು! ಗಂಡ ಹೆಂಡ್ತಿ ಇಬ್ಬರೂ ಉಪ್ಪಿನಕಾಯಿ ನೆಂಚ್ಕೊಂಡು ಮುದ್ದೆ ಉಂಡರು.

ಮಿಸ್ಸು ಮಾಡಿದ ಫೋನು

ಮಾರನೇ ದಿನ ಸ್ಕೂಲಲ್ಲಿ ಮಿಸ್ಸು ಮಗೂನ ಕೇಳವ್ರೆ, "ಯಾಕೆ ಪುಟ್ಟಿ ಸಪ್ಪಗಿದ್ದೀಯ?"

"ನಮ್ಮಪ್ಪ ಅಮ್ಮ ಜ್ವರಕ್ಕೆ ಕೂತವ್ರೆ ಮಿಸ್. ಮಾತಾಡಲ್ಲ, ಸರಿಯಾಗಿ ಉಣ್ಣಲ್ಲ."

ಮಿಸ್ಸು ಪಟ್ಟಣದೋರು, ಹುಳದ ಜ್ವರ ಏನು ಗೊತ್ತು? ಗಾಬರಿಯಾಗಿ ನನ್ನ ಮಗನಿಗೆ ಫೋನು ಹಚ್ಚಿ "ನಿಮ್ಮ ಮಿಸೆಸ್‌ಗೆ ಜೋರು ಜ್ವರವಂತೆ" ಅಂದರು. ಸೊಸೆಗೆ ಹಚ್ಚಿ "ನಿಮ್ಮ ಯಜಮಾನರಿಗೆ ಜೋರು ಜ್ವರವಂತೆ" ಅಂದರು.

ಹೌದಾ ಅಲ್ವಾ ಅಂತ ಒಬ್ಬರಿಗೊಬ್ಬರು ಫೋನು ಮಾಡಿ ಕೇಳಬಹುದಿತ್ತು. ಕೇಳೋದೆಂಗೆ, ಮಾತು ಬಿಟ್ಟಿದ್ರಲ್ಲ!

ಸೊಸೆ ಕಣ್ಣು ಒರೆಸ್ಕೋತಾ ಗಂಜಿ ಕಾಸಿ ಡಬ್ಬಿಗೆ ಹಾಕಿ, ಬಿಡದಿಗೆ ಹೊರಟೇಬಿಟ್ಟಳು. ನಮ್ಮ ಮನೆ ಗೇಟಿನ ಹತ್ತಿರ ಹೋಗೋದಕ್ಕೂ, ಯಾರದೋ ಬೈಕು ಇಸ್ಕೊಂಡು, ಬ್ರೆಡ್ಡು ಎಳನೀರು ನೇತಾಕಿಕೊಂಡು ನನ್ನ ಮಗ ಬರೋದಕ್ಕೂ ಸರಿ ಹೋಯ್ತು. ಹಿಂದೇನೇ ಸ್ಕೂಲ್ ವ್ಯಾನು ಬಂದು ಮಗೂನ ಇಳಿಸಿತು.

ಗೇಟಲ್ಲೇ ಅವನ ಕೈ ಅವಳ ಹಣೆ ಮೇಲೆ, ಅವಳ ಕೈ ಅವನ ಹಣೆ ಮೇಲೆ. ನಾನು ಜಗಲಿ ಮೇಲಿಂದ ನೋಡ್ತಾ ಇದ್ದೆ.

"ತಣ್ಣಗೈತಲ್ಲೇ!"

"ನಿಮ್ಮದೂ ತಣ್ಣಗೈತಲ್ರೀ! ನೀವ್ಯಾಕೆ ಬಂದ್ರಿ? ರಜಾ ಕೊಟ್ರಾ?"

"ಯಾರು ಕೇಳವ್ರೆ ರಜಾ? ನಿನಗೆ ಜ್ವರ ಅಂದ್ರು, ಹಂಗೇ ಎದ್ದು ಬಂದೆ."

ಸೊಸೆ ಅತ್ತೇಬಿಟ್ಟಳು. ಅಳ್ತಾನೇ ಶುರು ಮಾಡಿದಳು, "ಇವತ್ತು ಕೇಳದೇ ಬರಕ್ಕಾಯ್ತದೆ, ನನ್ನ ತಂಗಿ ಸೀಮಂತಕ್ಕೆ ಬರಕ್ಕಾಗಲ್ವಾ? ಎಲ್ಲರೂ ಯಜಮಾನ್ರು ಎಲ್ಲಿ ಅಂತ ಕೇಳ್ತಿದ್ರೆ ನನಗೆ ಹೆಂಗಾಗಿರಬೇಡ?"

"ಅದನ್ನ ಅವತ್ತೇ ಬಾಯಿ ಬಿಟ್ಟು ಅನ್ನಬಾರದಾಗಿತ್ತಾ?"

"ಬಾಯಿ ಬಿಟ್ಟು ಬೇರೆ ಹೇಳಬೇಕಾ ನಿಮಗೆ?"

ಹಿಡಿದಿಟ್ಟಿದ್ದ ಮಾತೆಲ್ಲ ಗೇಟಲ್ಲೇ ಸುರೀತು. ಅಕ್ಕಪಕ್ಕದೋರೆಲ್ಲ ಈಚೆಗೆ ಬಂದರು. ಅಷ್ಟರಲ್ಲಿ ಸೊಸೆ ಕೈಲಿದ್ದ ಫೋನು ಹೊಡ್ಕೊಂಡಿತು. ಅವಳಿಗೆಲ್ಲಿ ಪುರುಸೊತ್ತು? ಮಗೂನೇ ಇಸ್ಕೊಂಡು ಕಿವಿಗಿಟ್ಟಿತು. ಆ ಕಡೆ ಮಿಸ್ಸು.

"ಹೇಗಿದ್ದಾರಮ್ಮ ಅಪ್ಪ ಅಮ್ಮ?"

ನಮ್ಮ ಮೊಮ್ಮಗಳು ಇಬ್ಬರನ್ನೂ ಒಂದು ಸಲ ನೋಡಿ, ಬಾಯಿ ತುಂಬಾ ನಗ್ತಾ ಹೇಳಿತು:

"ಚೆನ್ನಾಗವ್ರೆ ಮಿಸ್! ಇಬ್ಬರೂ ಜಗಳ ಆಡ್ತಾವ್ರೆ!"