ಹಪ್ಪಳಕ್ಕೆ ಅಂಟಿದ ಅರವತ್ತೊಂದು

ಈ ಕಾರಿನ ಮೈಮೇಲೆ ಒಂದೇ ಒಂದು ಗುಂಡಿ ಉಳಿದರೂ ಸುತ್ತಿಗೆ ಮುಟ್ಟುವುದನ್ನೇ ಬಿಡುತ್ತೇನೆ ಎಂದು ಮೋಹನದಾಸ್ ಹೆಂಡತಿಯ ಮುಂದೆ ಘೋಷಿಸಿದ. ದುಬೈಯ ಅಲ್ ಕೂಜ್‌ನ ಗ್ಯಾರೇಜಿನಲ್ಲಿ ಹತ್ತೊಂಬತ್ತು ವರ್ಷ ಟಿಂಕರಿಂಗ್ ಮಾಡಿದ ಕೈ ಅವನದು.

ಕಾರು ಅಮೆರಿಕದ್ದು, ಅರವತ್ತು ವರ್ಷ ಹಳೆಯದು. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ಸುತ್ತಿ ಸುತ್ತಿ ರೇಸು ಓಡಿಸಲೆಂದು ಯಾರೋ ಅದರ ಸೀಟು ಕಿತ್ತು, ಒಳಗೆ ಪೈಪಿನ ಪಂಜರ ಕೂರಿಸಿ, ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಿದ್ದರು. ಒಳಗೆ ಹೋಗಬೇಕಾದರೆ ಕಿಟಕಿಯಿಂದ ನುಸುಳಬೇಕು. ಬಲಗಡೆಯ ಬಾಗಿಲು ನಜ್ಜುಗುಜ್ಜು. ಅದರ ಮೇಲೆ ಕೆಂಪು ಬಣ್ಣದಲ್ಲಿ, ಸೊಟ್ಟಗೆ, 61.

ಗ್ಯಾರೇಜಿನ ಧಣಿ ಕ್ಯಾಮಿಲಸ್ ಊರಿಗೆ ಹೊರಡುವಾಗ ಹೇಳಿದ್ದು ಇಷ್ಟೇ: "ಅಡಿಯ ತುಕ್ಕು ತೆಗಿ ಮಾರಾಯ, ಸಾಕು."

ಮೋಹನದಾಸನಿಗೆ ಸಾಕಾಗಲಿಲ್ಲ. ಬಾಗಿಲಿನ ತಗಡನ್ನು ಇಡಿಯಾಗಿ ಕೊಯ್ದು ತೆಗೆದ. ಕನ್ನಡಿಯಂಥ ಹೊಸ ತಗಡು ಕೂರಿಸಿದ. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಕರಾಮದ ತನ್ನ ಫ್ಲಾಟಿಗೆ ಹೊತ್ತು ತಂದ.

"ಹಪ್ಪಳ ಒಣಗಿಸ್ಲಿಕ್ಕೆ ಒಂದು ಹಲಗೆ ಬೇಕು ಅಂತ ಎಷ್ಟು ವರ್ಷದಿಂದ ಬಾಯಿ ಒಣಗಿಸ್ತಾ ಇದ್ದೆ" ಎಂದಳು ಹೆಂಡತಿ ವಾರಿಜಾಕ್ಷಿ. "ಈಗಲಾದ್ರೂ ಕಿವಿಗೆ ಬಿತ್ತಲ್ಲ."

"ಅಮೆರಿಕದ ತಗಡು" ಎಂದ ಅವನು, ಗಂಭೀರವಾಗಿ.

ಅವಳು ತಗಡನ್ನು ಬಾಲ್ಕನಿಯಲ್ಲಿ ಹಾಸಿ, ಎಣ್ಣೆ ಸವರಿ, ಮರಗೆಣಸಿನ ಹಪ್ಪಳ ಹರವಿದಳು. ಮೇ ತಿಂಗಳ ಬಿಸಿಲು. ಒಂದೇ ದಿನಕ್ಕೆ ಗರಿಗರಿ.

"ಮೆಣಸು ಜೋರು ಹಾಕಿದ್ದಿಯಾ? ಅಡಿಯೆಲ್ಲ ಕೆಂಪುಂಟಲ್ಲ" ಎಂದ ಅವನು, ಕರಿದ ಹಪ್ಪಳ ಮುರಿಯುತ್ತ.

"ನಾನು ಹಾಕಿದ್ದು ಜೀರಿಗೆ ಮಾತ್ರ."

ಇವಳಿಗೆ ತನ್ನ ಕೈರುಚಿಯೇ ಗೊತ್ತಿಲ್ಲ ಎಂದುಕೊಂಡು ಅವನು ಮೂರೇ ದಿನದಲ್ಲಿ ಡಬ್ಬಿ ಖಾಲಿ ಮಾಡಿದ.

ಎಂಟನೆಯ ದಿನ ಕ್ಯಾಮಿಲಸ್ ಬಂದ. ಜೊತೆಗೆ ಕಾರಿನ ಯಜಮಾನ, ಅಬುಧಾಬಿಯಲ್ಲಿರುವ ಅಮೆರಿಕದ ಮುದುಕ. ಹೊಸ ಬಾಗಿಲ ಮೇಲೆ ಅಂಗೈ ಆಡಿಸಿದ ಮುದುಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಕ್ಯಾಮಿಲಸ್ ಮೋಹನದಾಸನನ್ನು ಮೂಲೆಗೆ ಎಳೆದ.

"ಇವರ ಅಪ್ಪ ಸತ್ತದ್ದು ಈ ಕಾರಲ್ಲಿ, ರೇಸಿನ ಗೋಡೆಗೆ ಹೊಡೆದು. ಹೊಡೆದದ್ದು ಆ ಬಾಗಿಲೇ. ನಂಬರು ಅಪ್ಪನೇ ಕೈಯಲ್ಲಿ ಬರೆದದ್ದು. ಅದಕ್ಕೋಸ್ಕರವೇ ಇವರು ಕಾರು ಹುಡುಕಿ ತಂದದ್ದು. ತಗಡು ಎಲ್ಲುಂಟು?"

"ಮನೆಯಲ್ಲಿ."

"ಸರಿ ಇದ್ರೆ ನಿನ್ನ ವೀಸಾ ಉಳೀತದೆ. ಇಲ್ಲದಿದ್ರೆ ಖಲಾಸ್."

ಮೂವರೂ ಬಾಲ್ಕನಿಗೆ ಬಂದಾಗ ವಾರಿಜಾಕ್ಷಿ ಎರಡನೆಯ ಸಲದ ಹಪ್ಪಳ ಎಬ್ಬಿಸುತ್ತಿದ್ದಳು. ತಗಡಿನಲ್ಲಿ 6 ಇತ್ತು. 1 ಇದ್ದಲ್ಲಿ ಬರೀ ಕಬ್ಬಿಣ.

"ಒಂದು ಎಲ್ಲಿ?" ಎಂದ ಕ್ಯಾಮಿಲಸ್.

ಅವಳು ಕೈಯಲ್ಲಿದ್ದ ಹಪ್ಪಳ ಮಗುಚಿ ನೋಡಿದಳು. ಹಿಂಬದಿಗೆ ಕೆಂಪು ಬಣ್ಣ ಅಂಟಿತ್ತು. ಮೆಲ್ಲಗೆ ಗಂಡನತ್ತ ತಿರುಗಿದಳು.

"ಇವ್ರು ತಿಂದ್ರು. ರುಚಿ ಉಂಟು ಅಂದ್ರು."

ಇದನ್ನು ಇಂಗ್ಲಿಷಿಗೆ ತಿರುಗಿಸಲು ಕ್ಯಾಮಿಲಸ್ ಮೂರು ಸಲ ಬಾಯಿ ತೆರೆದು, ನಾಲ್ಕನೆಯ ಸಲ ಹೇಳಿದ. ಮುದುಕ ನಗಲಿಲ್ಲ, ಬೈಯಲಿಲ್ಲ. ಅವಳ ಕೈಯಿಂದ ಆ ಹಪ್ಪಳ ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡ. ತಗಡನ್ನು ತಾನೇ ಎತ್ತಿದ. ಮೋಹನದಾಸ್ ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದ.

ಅರ್ಧ ನಂಬರು ಉಳಿದದ್ದಕ್ಕೆ ವೀಸಾ ಉಳಿಯಿತು. ಬಾಗಿಲನ್ನು ಗುಂಡಿ ಸಮೇತ ಬೇರೆಯವರು ಕೂರಿಸಿದರು. ಗುಂಡಿ ಉಳಿದರೆ ಸುತ್ತಿಗೆ ಬಿಡುತ್ತೇನೆ ಎಂದು ಹೆಂಡತಿಯ ಮುಂದೆ ಆಡಿದ ಮಾತನ್ನು ಕ್ಯಾಮಿಲಸ್ ತನಗೆ ತಿಳಿಯದೆಯೇ ನಡೆಸಿಕೊಟ್ಟ. ಮೋಹನದಾಸ್ ಈಗ ಟೈರಿಗೆ ಗಾಳಿ ಹಾಕುತ್ತಾನೆ.

"ಕಾರು ಇವತ್ತು ಹೋಯ್ತು" ಎಂದ ಅವನು, ಗಂಜಿಯ ಮುಂದೆ ಕುಳಿತು. "ಬರೇ ಆರು ಅಂತ ಹೋಯ್ತು."

ವಾರಿಜಾಕ್ಷಿ ಉಪ್ಪಿನಕಾಯಿ ಬಡಿಸಿದಳು. ಹಪ್ಪಳ ಬಡಿಸಲಿಲ್ಲ.

"ಇನ್ನೊಂದು ಅಂಕೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ಹೊಟ್ಟೆ ಮುಟ್ಟಿ ತೋರಿಸಿ."